ಜಾವಾ-ಆಕ್ಸೆಸ್ ನಡುವಿನ ಬ್ರಿಡ್ಜ್ ಡ್ರೈವರ್ ಕೈಕೊಟ್ಟಾಗ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಮಂಡ್ಯ, ಮದ್ದೂರು, ಪಾಂಡವಪುರದ ಕಡೆ ಕಬ್ಬಿನ ಟ್ರ್ಯಾಕ್ಟರ್ ತೂಗುವ ವೇಬ್ರಿಡ್ಜ್‌ಗಳಲ್ಲಿ, ಬೆಲ್ಲದ ಮಂಡಿಗಳಲ್ಲಿ ಹದಿನೈದು-ಇಪ್ಪತ್ತು ವರ್ಷದ ಹಿಂದೆ ಯಾರೋ ಬರೆದುಕೊಟ್ಟ ಬಿಲ್ಲಿಂಗ್ ಪ್ರೋಗ್ರಾಂಗಳು ಇನ್ನೂ ಓಡುವುದುಂಟು. ಮುಂದೆ ಜಾವಾದ ಪರದೆ, ಹಿಂದೆ ಒಂದೇ ಒಂದು ಎಂಡಿಬಿ ಫೈಲು (ಮೈಕ್ರೋಸಾಫ್ಟ್ ಆಕ್ಸೆಸ್‌ನ ಡೇಟಾಬೇಸ್), ನಡುವೆ ಎರಡನ್ನೂ ಜೋಡಿಸುವ ಜೆಡಿಬಿಸಿ-ಒಡಿಬಿಸಿ ಬ್ರಿಡ್ಜ್ ಡ್ರೈವರ್. ಬರೆದವರು ಎಲ್ಲಿದ್ದಾರೋ ಯಾರಿಗೂ ಗೊತ್ತಿರುವುದಿಲ್ಲ. ಹಳೆಯ ಕಂಪ್ಯೂಟರ್ ಕೆಟ್ಟು ಹೊಸದು ಬಂದ ದಿನ ಫೋನ್ ಬರುತ್ತದೆ: “ನೆನ್ನೆ ಗಂಟ ಚೆನ್ನಾಗೇ ಇತ್ತು ಕಣಣ್ಣ, ಹೊಸ ಸಿಸ್ಟಮ್‌ಗೆ ಹಾಕುದ್ಮೇಲೆ ಓಪನ್ನೇ ಆಯ್ತಾ ಇಲ್ಲ.” ಹೊರಗೆ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿ ನಿಂತಿರುತ್ತವೆ.

ಆ ಫೋನ್ ಎತ್ತುವವರಿಗಾಗಿ ಇದನ್ನು ಬರೆದಿದ್ದೇನೆ. ಇಂಥ ಹೊತ್ತಿನಲ್ಲಿ ಎಲ್ಲರೂ ಮಾಡುವ ಮೊದಲ ಕೆಲಸ, ಜಾವಾ ತೆಗೆದು ಮತ್ತೆ ಹಾಕುವುದು. ಎರಡನೆಯದು, ಆಫೀಸ್ ತೆಗೆದು ಮತ್ತೆ ಹಾಕುವುದು. ಎರಡೂ ಬೇಡ. ಬ್ರಿಡ್ಜ್‌ನ ದೋಷಗಳು ತಮ್ಮ ಹೆಸರು ತಾವೇ ಹೇಳುತ್ತವೆ. ಮೆಸೇಜನ್ನು ಪೂರ್ತಿ ಓದಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಯಾವುದಕ್ಕೂ ಕೈ ಹಾಕುವ ಮುಂಚೆ ಎಂಡಿಬಿ ಫೈಲಿನ ಒಂದು ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಆಕ್ಸೆಸ್‌ನಲ್ಲಿ ಫೈಲ್ ದುರಸ್ತಿಗೆಂದು ಇರುವ ‘ಕಾಂಪ್ಯಾಕ್ಟ್ ಅಂಡ್ ರಿಪೇರ್’ ಅನ್ನು ಮೂಲ ಫೈಲಿನ ಮೇಲೆ ಒತ್ತಲೇಬೇಡಿ. ಆ ಸೀಸನ್ನಿನ ಅಷ್ಟೂ ತೂಕದ ಲೆಕ್ಕ ಇರುವುದು ಅದೊಂದರಲ್ಲೇ.

ಕರೆ ಹೋಗುವ ದಾರಿ

ಒಡಿಬಿಸಿಯನ್ನು ಮೈಕ್ರೋಸಾಫ್ಟ್ ಹೊರತಂದದ್ದು 1992ರಲ್ಲಿ. ಪ್ರೋಗ್ರಾಂಗಳು ಬೇರೆ ಬೇರೆ ಡೇಟಾಬೇಸ್‌ಗಳ ಜೊತೆ ಒಂದೇ ರೀತಿ ಮಾತಾಡಲು ಇರುವ ವ್ಯವಸ್ಥೆ ಅದು, ಸಿ ಭಾಷೆಯ ಫಂಕ್ಷನ್‌ಗಳ ಪ್ರಪಂಚ. ಜಾವಾದಲ್ಲಿ ಅದೇ ಕೆಲಸ ಮಾಡುವ ಜೆಡಿಬಿಸಿ ಬಂದದ್ದು 1997ರಲ್ಲಿ, ಸನ್ ಕಂಪನಿಯ ಜೆಡಿಕೆ 1.1ರ ಜೊತೆ. ಆಗ ಜಾವಾಕ್ಕೆಂದೇ ಬರೆದ ಡ್ರೈವರ್‌ಗಳು ಬೆರಳೆಣಿಕೆಯಷ್ಟು. ಒಡಿಬಿಸಿ ಡ್ರೈವರ್ ಮಾತ್ರ ಹೆಚ್ಚುಕಡಿಮೆ ಎಲ್ಲ ಡೇಟಾಬೇಸ್‌ಗೂ ಇತ್ತು. ಇರುವುದನ್ನೇ ಬಳಸಿಕೊಳ್ಳೋಣ ಎಂದು ಸನ್ ಮತ್ತು ಇಂಟರ್‌ಸಾಲ್ವ್ ಸೇರಿ ಈ ಬ್ರಿಡ್ಜ್ ಕಟ್ಟಿದವು. ಜೆಡಿಬಿಸಿಯ ಲೆಕ್ಕದಲ್ಲಿ ಇದಕ್ಕೆ ‘ಟೈಪ್ 1’ ಡ್ರೈವರ್ ಎಂದು ಹೆಸರು. ಪ್ರಯೋಗಕ್ಕೆ, ಇಲ್ಲವೇ ಬೇರೆ ದಾರಿಯೇ ಇಲ್ಲದಾಗ ಮಾತ್ರ ಬಳಸಿ ಎಂದು ಸನ್‌ನ ದಾಖಲೆಯಲ್ಲೇ ಇತ್ತು. ಆ ಸಾಲನ್ನು ನಮ್ಮ ಕಡೆ ಯಾರೂ ಓದಿದಂತಿಲ್ಲ.

ಪ್ರೋಗ್ರಾಂ ‘ಈ ರೈತನ ತೂಕ ಕೊಡು’ ಎಂದು ಕೇಳಿದಾಗ ಆ ಕರೆ ಮೊದಲು ಜಾವಾದ ಡ್ರೈವರ್ ಮ್ಯಾನೇಜರ್‌ಗೆ ಹೋಗುತ್ತದೆ. ಅದು ಬ್ರಿಡ್ಜನ್ನು ಹುಡುಕುತ್ತದೆ. ಬ್ರಿಡ್ಜ್ ಆ ಜಾವಾ ಕರೆಯನ್ನು ಒಡಿಬಿಸಿಯ ಸಿ ಕರೆಯಾಗಿ ತಿರುಗಿಸಿ ವಿಂಡೋಸ್‌ನ ಒಡಿಬಿಸಿ ಡ್ರೈವರ್ ಮ್ಯಾನೇಜರ್ ಕೈಗೆ ಕೊಡುತ್ತದೆ. ಅದು ಡಿಎಸ್‌ಎನ್ (ಡೇಟಾ ಸೋರ್ಸ್ ನೇಮ್: ಯಾವ ಡ್ರೈವರ್, ಯಾವ ಫೈಲು ಎಂಬ ವಿವರಕ್ಕೆ ಇಟ್ಟ ಹೆಸರು) ಅನ್ನು ವಿಂಡೋಸ್‌ನ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಯಲ್ಲಿ ನೋಡಿ ಆಕ್ಸೆಸ್‌ನ ಡ್ರೈವರನ್ನು ಲೋಡ್ ಮಾಡುತ್ತದೆ. ಕೊನೆಗೆ ಆ ಡ್ರೈವರ್ ಎಂಡಿಬಿ ಫೈಲನ್ನು ತೆರೆಯುತ್ತದೆ. ಕರೆ ಎಲ್ಲಿ ನಿಂತಿತು ಎಂಬುದೊಂದೇ ನಮಗೆ ಬೇಕಾದ ಪ್ರಶ್ನೆ.

ಮೊದಲು ನಿಜವಾದ ಮೆಸೇಜನ್ನು ಹೊರಗೆಳೆಯಿರಿ

ಹಳೆಯ ಪ್ರೋಗ್ರಾಂಗಳಲ್ಲಿ ‘ಕನೆಕ್ಷನ್ ಫೇಲ್ಡ್’ ಎಂಬ ಪುಟ್ಟ ಡಬ್ಬಿ ಬಂದು ಹೋಗುತ್ತದೆ. ಕೆಲವದರಲ್ಲಿ ಅದೂ ಇಲ್ಲ. ಡಬಲ್ ಕ್ಲಿಕ್ ಮಾಡಿದರೆ ಏನೂ ಆಗುವುದಿಲ್ಲ. ಡೆಸ್ಕ್‌ಟಾಪ್‌ನ ಶಾರ್ಟ್‌ಕಟ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಅಲ್ಲಿ ‘ಜಾವಾಡಬ್ಲ್ಯೂ’ ಎಂದಿದ್ದರೆ ಎರರ್ ಸಾಲುಗಳು ಎಲ್ಲಿಗೂ ಬರದೆ ಮಾಯವಾಗುತ್ತಿವೆ ಎಂದರ್ಥ. ಕಮಾಂಡ್ ಪ್ರಾಂಪ್ಟ್ ತೆರೆದು, ಅದೇ ಸಾಲನ್ನು ‘ಡಬ್ಲ್ಯೂ’ ಬಿಟ್ಟು ಬರೀ ‘ಜಾವಾ’ ಎಂದು ಹೊಡೆದು ಓಡಿಸಿ. ಕರಿ ಪರದೆಯ ಮೇಲೆ ಉದ್ದನೆಯ ಎಕ್ಸೆಪ್ಷನ್, ಅಂದರೆ ದೋಷದ ವಿವರ, ಉದುರುತ್ತದೆ. ಅದರ ಮೊದಲ ಸಾಲು, ‘ಕಾಸ್ಡ್ ಬೈ’ ಎಂದು ಶುರುವಾಗುವ ಸಾಲು ಎರಡನ್ನೂ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ.

ಈಗ ಅದನ್ನು ಓದುವ ರೀತಿ. ಸಾಲಿನಲ್ಲಿ ‘ಕ್ಲಾಸ್ ನಾಟ್ ಫೌಂಡ್’ ಅಥವಾ ‘ನೋ ಸೂಟಬಲ್ ಡ್ರೈವರ್’ ಇದ್ದರೆ ಕರೆ ಜಾವಾ ಬಿಟ್ಟು ಹೊರಗೇ ಹೋಗಿಲ್ಲ. ಡಿಎಸ್‌ಎನ್ ನೋಡುತ್ತಾ ಕೂರುವುದು ದಂಡ. ಚೌಕ ಕಂಸದೊಳಗೆ ‘ಮೈಕ್ರೋಸಾಫ್ಟ್’, ಅದರ ಪಕ್ಕದ ಇನ್ನೊಂದು ಚೌಕ ಕಂಸದಲ್ಲಿ ‘ಒಡಿಬಿಸಿ ಡ್ರೈವರ್ ಮ್ಯಾನೇಜರ್’ ಎಂದಿದ್ದರೆ ಬ್ರಿಡ್ಜ್ ಚೆನ್ನಾಗಿದೆ, ವಿಂಡೋಸ್‌ವರೆಗೆ ಕರೆ ಬಂದಿದೆ, ಮುಂದಿನ ಡ್ರೈವರ್ ಸಿಕ್ಕಿಲ್ಲ ಅಥವಾ ಲೋಡ್ ಆಗಿಲ್ಲ. ಎರಡನೆಯ ಕಂಸದಲ್ಲಿ ‘ಒಡಿಬಿಸಿ ಮೈಕ್ರೋಸಾಫ್ಟ್ ಆಕ್ಸೆಸ್ ಡ್ರೈವರ್’ ಎಂದಿದ್ದರೆ ಇನ್ನೂ ಒಳ್ಳೆಯ ಸುದ್ದಿ: ಎಲ್ಲ ಕೊಂಡಿಗಳೂ ಸರಿಯಿವೆ, ತಕರಾರು ಫೈಲಿನದೋ ಫೋಲ್ಡರ್ ಅನುಮತಿಯದೋ ಡೇಟಾ ಕೇಳುವ ಎಸ್‌ಕ್ಯೂಎಲ್ ವಾಕ್ಯದ್ದೋ ಅಷ್ಟೇ.

ನನ್ನ ಮಟ್ಟಿಗೆ ಈ ಒಂದು ಪ್ಯಾರಾ ಗೊತ್ತಿದ್ದರೆ ಉಳಿದದ್ದನ್ನು ಬೇಕಾದಾಗ ನೋಡಿಕೊಳ್ಳಬಹುದು.

ಬ್ರಿಡ್ಜೇ ಇಲ್ಲದಿದ್ದರೆ

‘ಕ್ಲಾಸ್ ನಾಟ್ ಫೌಂಡ್ ಎಕ್ಸೆಪ್ಷನ್’, ಅದರ ಮುಂದೆ ಸನ್, ಜೆಡಿಬಿಸಿ, ಒಡಿಬಿಸಿ ಎಂದು ಚುಕ್ಕಿ ಹಾಕಿ ಜೋಡಿಸಿದ ಹೆಸರು. ಕಾರಣ ನೇರ: ಈ ಬ್ರಿಡ್ಜನ್ನು ಜಾವಾ 8ರಿಂದ ತೆಗೆದುಹಾಕಲಾಗಿದೆ. ಅದು ಬಿಡುಗಡೆಯಾದದ್ದು 2014ರ ಮಾರ್ಚ್‌ನಲ್ಲಿ. ಹೊಸ ಕಂಪ್ಯೂಟರ್‌ಗೆ ಅಂಗಡಿಯವರು ಹಾಕಿಕೊಡುವ ಜಾವಾ ಎಂಟೋ ಅದಕ್ಕಿಂತ ಹೊಸದೋ ಆಗಿರುತ್ತದೆ. ಅದರಲ್ಲಿ ಬ್ರಿಡ್ಜ್ ಹುಡುಕಿದರೂ ಸಿಗದು.

ಪ್ರೋಗ್ರಾಂ ಬರೆದವರು ಡ್ರೈವರ್ ಕ್ಲಾಸನ್ನು ಹೆಸರಿಟ್ಟು ಕರೆದಿಲ್ಲದಿದ್ದರೆ, ಇದೇ ದೋಷ ‘ನೋ ಸೂಟಬಲ್ ಡ್ರೈವರ್’ ಎಂಬ ವೇಷದಲ್ಲಿ ಬರುತ್ತದೆ. ಡೇಟಾಬೇಸ್‌ನ ವಿಳಾಸ ಹೇಳುವ ಯುಆರ್‌ಎಲ್‌ನಲ್ಲಿ ಒಂದು ಕೋಲನ್ ಬಿಟ್ಟುಹೋದರೂ ಅದೇ ಮೆಸೇಜ್. ಹಾಗಾಗಿ ಜಾವಾ ಆವೃತ್ತಿ ನೋಡಿದ ಮೇಲೆ ಸೆಟ್ಟಿಂಗ್ಸ್ ಫೈಲಿನ ಸಾಲನ್ನೂ ಅಕ್ಷರ ಅಕ್ಷರ ನೋಡಿ.

ಇದಕ್ಕೆ ಒಂದು ಕಳ್ಳದಾರಿ ಪ್ರಚಾರದಲ್ಲಿದೆ. ಜಾವಾ 7ರ ಆರ್‌ಟಿ ಡಾಟ್ ಜಾರ್ ಎಂಬ ಫೈಲಿನಿಂದ ಬ್ರಿಡ್ಜ್‌ನ ಕ್ಲಾಸ್‌ಗಳನ್ನು ಕಿತ್ತು, ಜೆಡಿಬಿಸಿಒಡಿಬಿಸಿ ಡಿಎಲ್‌ಎಲ್ (ವಿಂಡೋಸ್‌ನ ಲೈಬ್ರರಿ ಫೈಲ್) ಅನ್ನೂ ಎತ್ತಿಕೊಂಡು ಬಂದು ಜಾವಾ 8ರೊಳಗೆ ಇಡುವುದು. ಓಡುತ್ತದೆ ಎನ್ನುವವರಿದ್ದಾರೆ. ಗಿರಾಕಿಯ ಜಾಗದಲ್ಲಿ ನಾನಂತೂ ಹಾಗೆ ಮಾಡುವುದಿಲ್ಲ. ಮುಂದಿನ ಸಲ ಜಾವಾ ತಾನಾಗಿ ಅಪ್‌ಡೇಟ್ ಆದಾಗ ಮತ್ತೆ ಅದೇ ಫೋನ್ ಬರುತ್ತದೆ. ಆ ದಿನದ ಮಟ್ಟಿಗೆ ಕೆಲಸ ಸಾಗಬೇಕಿದ್ದರೆ 32-ಬಿಟ್‌ನ ಜಾವಾ 7ನ್ನು ಬೇರೆ ಫೋಲ್ಡರ್‌ನಲ್ಲಿಟ್ಟು, ಆ ಪ್ರೋಗ್ರಾಂನ ಶಾರ್ಟ್‌ಕಟ್ ಮಾತ್ರ ಅದನ್ನು ಪೂರ್ತಿ ಪಾತ್ ಸಮೇತ ಕರೆಯುವಂತೆ ಮಾಡಿ. ಸಿಸ್ಟಮ್‌ನ ಪಾತ್‌ಗೆ ಸೇರಿಸಬೇಡಿ. ಬ್ರೌಸರ್‌ಗೂ ಆ ಹಳೆಯ ಜಾವಾಕ್ಕೂ ಸಂಬಂಧ ಇರಕೂಡದು.

32-ಬಿಟ್ ಯಾಕೆ ಎಂಬುದು ಮುಂದಿನ ವಿಷಯ. ಜಗಳದ ಮೂಲ ಬಹಳ ಸಲ ಅಲ್ಲೇ ಇರುತ್ತದೆ.

32 ಮತ್ತು 64ರ ಗೋಜಲು

ಬ್ರಿಡ್ಜ್ ಎಂದರೆ ಒಂದೇ ಪ್ರಾಸೆಸ್‌ನೊಳಗೆ ಜಾವಾವೂ ಇರಬೇಕು, ಆಕ್ಸೆಸ್ ಡ್ರೈವರ್‌ನ ಡಿಎಲ್‌ಎಲ್ ಕೂಡ ಲೋಡ್ ಆಗಬೇಕು. 64-ಬಿಟ್ ಪ್ರಾಸೆಸ್‌ನೊಳಗೆ 32-ಬಿಟ್ ಡಿಎಲ್‌ಎಲ್ ಲೋಡ್ ಆಗುವುದಿಲ್ಲ, ಅದರ ತಿರುಗುಮುರುಗೂ ಆಗುವುದಿಲ್ಲ. ಎಂಡಿಬಿ ಫೈಲಿಗೆಂದು ವಿಂಡೋಸ್ ಜೊತೆಗೇ ಬರುವ ಜೆಟ್ ಡ್ರೈವರ್ ಬರೀ 32-ಬಿಟ್. ಅದರ 64-ಬಿಟ್ ರೂಪ ಎಂದೂ ಬರಲಿಲ್ಲ. 64-ಬಿಟ್ ಬೇಕಿದ್ದರೆ ಆಫೀಸ್ ಜೊತೆಗೋ ಪ್ರತ್ಯೇಕವಾಗಿಯೋ ಸಿಗುವ ಏಸ್ ಡ್ರೈವರ್ ಹಾಕಬೇಕು.

ಜಾವಾ ಎಷ್ಟು ಬಿಟ್‌ನದು ಎಂದು ತಿಳಿಯಲು ‘ಜಾವಾ’, ಒಂದು ಸ್ಪೇಸ್, ಅಡ್ಡಗೆರೆ, ‘ವರ್ಷನ್’ ಎಂದು ಹೊಡೆಯಿರಿ. ಕೊನೆಯ ಸಾಲಿನಲ್ಲಿ ‘64-ಬಿಟ್ ಸರ್ವರ್ ವಿಎಂ’ ಎಂದು ಬಂದರೆ 64. ಆ ಮಾತೇ ಇಲ್ಲದಿದ್ದರೆ 32.

ಈಗ ಎಲ್ಲರನ್ನೂ ಎಡವಿಸುವ ಕಲ್ಲು. ವಿಂಡೋಸ್‌ನಲ್ಲಿ ಡಿಎಸ್‌ಎನ್ ಮಾಡುವ ಕಿಟಕಿ ಒಂದಲ್ಲ, ಎರಡು. ಎರಡರ ಫೈಲ್ ಹೆಸರೂ ಒಂದೇ: ಒಡಿಬಿಸಿಎಡಿ32. ಸಿಸ್ಟಮ್32 ಫೋಲ್ಡರ್‌ನಲ್ಲಿರುವುದು 64-ಬಿಟ್‌ನದು. ಸಿಸ್‌ವಾವ್64 ಫೋಲ್ಡರ್‌ನಲ್ಲಿರುವುದು 32-ಬಿಟ್‌ನದು. ಹೌದು, ಹೆಸರು ಉಲ್ಟಾ ಇದೆ, ಓದುವವರು ತಪ್ಪಾಗಿ ಓದಿಲ್ಲ. ಹಳೆಯ ಪ್ರೋಗ್ರಾಂಗಳು ಮುರಿಯದಿರಲಿ ಎಂದು ಹಳೆಯ ಫೋಲ್ಡರ್ ಹೆಸರನ್ನು ಹಾಗೇ ಉಳಿಸಿದ್ದರ ಫಲ ಇದು. ವಿಂಡೋಸ್ 7ರಲ್ಲಿ ಕಂಟ್ರೋಲ್ ಪ್ಯಾನೆಲ್‌ನಿಂದ ಹೋದರೆ ಸದ್ದಿಲ್ಲದೆ 64-ಬಿಟ್‌ನದೇ ತೆರೆಯುತ್ತಿತ್ತು. ವಿಂಡೋಸ್ 8ರಿಂದ ಈಚೆಗೆ ಎರಡನ್ನೂ ಬೇರೆ ಬೇರೆ ಹೆಸರಿಟ್ಟು ತೋರಿಸುತ್ತಾರೆ, ಪಟ್ಟಿಯಲ್ಲಿ ‘ಪ್ಲಾಟ್‌ಫಾರ್ಮ್’ ಎಂಬ ಕಾಲಂ ಕೂಡ ಇದೆ.

ಒಂದು ಉದಾಹರಣೆ ನೋಡೋಣ. ಹೊಸ ಕಂಪ್ಯೂಟರ್‌ನಲ್ಲಿ ‘ತೂಕ’ ಎಂಬ ಸಿಸ್ಟಮ್ ಡಿಎಸ್‌ಎನ್ (ಆ ಮೆಷಿನ್‌ನ ಎಲ್ಲ ಖಾತೆಗಳಿಗೂ ಕಾಣುವಂಥದ್ದು) ಮಾಡಲಾಗಿದೆ, 32-ಬಿಟ್ ಕಿಟಕಿಯಲ್ಲಿ. ಜಾವಾ 64-ಬಿಟ್. ಪ್ರೋಗ್ರಾಂ ಓಡಿಸಿದರೆ ಬರುವ ಎರರ್ ಕೋಡ್ ಐಎಂ002: ‘ಡೇಟಾ ಸೋರ್ಸ್ ನೇಮ್ ನಾಟ್ ಫೌಂಡ್ ಅಂಡ್ ನೋ ಡೀಫಾಲ್ಟ್ ಡ್ರೈವರ್ ಸ್ಪೆಸಿಫೈಡ್’. ಕಣ್ಣೆದುರಿಗೇ ಡಿಎಸ್‌ಎನ್ ಇದೆ, ಮೆಸೇಜ್ ಮಾತ್ರ ಇಲ್ಲ ಎನ್ನುತ್ತಿದೆ. ಎರಡೂ ಸುಳ್ಳಲ್ಲ. 32-ಬಿಟ್‌ನ ಸಿಸ್ಟಮ್ ಡಿಎಸ್‌ಎನ್‌ಗಳು ರಿಜಿಸ್ಟ್ರಿಯಲ್ಲಿ ವಾವ್6432ನೋಡ್ ಎಂಬ ಬೇರೆ ಕೊಂಬೆಯಲ್ಲಿ ಕೂರುತ್ತವೆ. 64-ಬಿಟ್ ಜಾವಾ ಆ ಕೊಂಬೆಯನ್ನು ನೋಡುವುದೇ ಇಲ್ಲ.

ಅದೇ ‘ತೂಕ’ವನ್ನು ಯೂಸರ್ ಡಿಎಸ್‌ಎನ್ (ಒಬ್ಬರ ಲಾಗಿನ್‌ಗೆ ಮಾತ್ರ ಸೇರಿದ್ದು) ಆಗಿ ಮಾಡಿದ್ದರೆ ಕಥೆ ಬೇರೆ. ಯೂಸರ್ ಡಿಎಸ್‌ಎನ್‌ಗಳಿಗೆ ಆ ವಿಂಗಡಣೆ ಇಲ್ಲ, ಎರಡು ಕಿಟಕಿಗಳಲ್ಲೂ ಕಾಣುತ್ತವೆ. ಆದ್ದರಿಂದ 64-ಬಿಟ್ ಜಾವಾಕ್ಕೆ ಹೆಸರು ಸಿಗುತ್ತದೆ, ಆದರೆ ಅದರ ಹಿಂದಿನ ಡ್ರೈವರ್ 32-ಬಿಟ್ ಎಂದು ಗೊತ್ತಾಗಿ ನಿಲ್ಲುತ್ತದೆ. ಆಗ ಬರುವುದು ಐಎಂ014, ‘ಆರ್ಕಿಟೆಕ್ಚರ್ ಮಿಸ್‌ಮ್ಯಾಚ್’. ಅಂದರೆ ಐಎಂ002 ಬಂದರೆ ಹೆಸರೇ ಸಿಕ್ಕಿಲ್ಲ. ಐಎಂ014 ಬಂದರೆ ಹೆಸರು ಸಿಕ್ಕಿದೆ, ಬಿಟ್ ಹೊಂದಿಲ್ಲ. ಮೂರನೆಯದು ಐಎಂ003: ಹೆಸರೂ ಸಿಕ್ಕಿತು, ಡ್ರೈವರ್ ಎಲ್ಲಿದೆ ಎಂದೂ ಗೊತ್ತಾಯಿತು, ಡಿಎಲ್‌ಎಲ್ ಮಾತ್ರ ಲೋಡ್ ಆಗಲಿಲ್ಲ. ಆಫೀಸನ್ನು ಅರೆಬರೆ ತೆಗೆದ ಮೆಷಿನ್‌ಗಳಲ್ಲಿ ಇದನ್ನು ನಿರೀಕ್ಷಿಸಬಹುದು.

ಡಿಎಸ್‌ಎನ್ ಇಲ್ಲದೆ ನೇರವಾಗಿ ಕನೆಕ್ಷನ್ ಸ್ಟ್ರಿಂಗ್ ಬರೆದ ಪ್ರೋಗ್ರಾಂಗಳಲ್ಲೂ ಐಎಂ002 ಬರುತ್ತದೆ. ಅಲ್ಲಿ ಡ್ರೈವರ್‌ನ ಹೆಸರು ಹೂವಿನ ಕಂಸದೊಳಗೆ ಇರುತ್ತದೆ, ಅದು ಅಕ್ಷರಶಃ ಹೊಂದಬೇಕು. ಹಳೆಯ ಜೆಟ್ ಡ್ರೈವರ್‌ನ ಹೆಸರಿನ ಕೊನೆಗೆ ಕಂಸದಲ್ಲಿ ಎಂಡಿಬಿ ಮಾತ್ರ ಇದೆ. ಏಸ್ ಡ್ರೈವರ್‌ನ ಹೆಸರಿನಲ್ಲಿ ಎಂಡಿಬಿ, ಆಮೇಲೆ ಅಲ್ಪವಿರಾಮ, ಆಮೇಲೆ ಒಂದು ಸ್ಪೇಸ್, ಆಮೇಲೆ ಎಸಿಸಿಡಿಬಿ. ಆ ಸ್ಪೇಸ್ ಬಿಟ್ಟರೆ ಡ್ರೈವರ್ ಸಿಗುವುದಿಲ್ಲ. ಕೈಯಲ್ಲಿ ಟೈಪ್ ಮಾಡಬೇಡಿ. ಪವರ್‌ಶೆಲ್‌ನಲ್ಲಿ ಗೆಟ್-ಒಡಿಬಿಸಿಡ್ರೈವರ್ ಎಂದು ಹೊಡೆದರೆ ಡ್ರೈವರ್‌ಗಳ ಹೆಸರೂ ಬಿಟ್ಟೂ ಪಟ್ಟಿಯಾಗಿ ಬರುತ್ತವೆ, ಅಲ್ಲಿಂದ ಕಾಪಿ ಮಾಡಿ.

ಪರಿಹಾರವೇನು? ಜಾವಾವನ್ನು ಆಫೀಸ್‌ಗೆ ಹೊಂದಿಸಿ. ಆಫೀಸನ್ನು ಜಾವಾಕ್ಕೆ ಹೊಂದಿಸಲು ಹೋಗಬೇಡಿ. 32-ಬಿಟ್ ಆಫೀಸ್ ಇರುವ ಕಡೆ 64-ಬಿಟ್ ಏಸ್ ಹಾಕಲು ಹೋದರೆ ಇನ್‌ಸ್ಟಾಲರ್ ತಡೆಯುತ್ತದೆ. ಕಮಾಂಡ್ ಲೈನ್‌ನಲ್ಲಿ ‘ಪ್ಯಾಸಿವ್’, ‘ಕ್ವಯೆಟ್’ ಎಂಬ ಸ್ವಿಚ್ ಕೊಟ್ಟು ಆ ತಡೆ ದಾಟಿಸುವ ಉಪಾಯ ಇದೆ. ದಾಟಿಸಿದ ಮೇಲೆ ಮಾಲೀಕರ ಎಕ್ಸೆಲ್ ಪ್ರತಿ ಸಲ ತೆರೆದಾಗ ‘ಕಾನ್ಫಿಗರ್ ಆಗುತ್ತಿದೆ’ ಎಂದು ಕೂತರೆ ಆ ಬೈಗುಳವೂ ನಿಮಗೇ.

ಕುರ್ಚಿಯಲ್ಲಿ ಕೂತರೆ ಓಡುತ್ತದೆ, ಸರ್ವಿಸ್ ಆಗಿ ಓಡುವುದಿಲ್ಲ

ಮೈಸೂರಿನ ಕಡೆ ಸ್ವಲ್ಪ ದೊಡ್ಡ ಕಚೇರಿಗಳಲ್ಲಿ ಇದು ಹೆಚ್ಚು. ಪ್ರೋಗ್ರಾಂ ಟಾಮ್‌ಕ್ಯಾಟ್ ಎಂಬ ಜಾವಾ ವೆಬ್ ಸರ್ವರ್‌ನಲ್ಲಿ ಕೂತಿರುತ್ತದೆ. ಕೈಯಿಂದ ಶುರು ಮಾಡಿದರೆ ಸರಿ, ವಿಂಡೋಸ್ ಸರ್ವಿಸ್ ಆಗಿ (ಯಾರೂ ಲಾಗಿನ್ ಆಗದೆ ಹಿನ್ನೆಲೆಯಲ್ಲಿ) ಶುರುವಾದರೆ ಐಎಂ002. ಸರ್ವಿಸ್ ಬೇರೆ ಖಾತೆಯಲ್ಲಿ ಓಡುತ್ತದೆ. ನಿಮ್ಮ ಲಾಗಿನ್‌ನ ಯೂಸರ್ ಡಿಎಸ್‌ಎನ್ ಅದಕ್ಕೆ ಕಾಣುವುದಿಲ್ಲ. ಸಿಸ್ಟಮ್ ಡಿಎಸ್‌ಎನ್ ಮಾಡಿ.

ಅದಾದ ಮೇಲೂ ‘ಫೈಲ್ ಸಿಗಲಿಲ್ಲ’, ‘ಪಾತ್ ಸರಿಯಿಲ್ಲ’ ಎಂದು ಬಂದರೆ ಡಿಎಸ್‌ಎನ್‌ನಲ್ಲಿ ಝಡ್ ಡ್ರೈವ್ ಥರದ ಮ್ಯಾಪ್ ಮಾಡಿದ ಡ್ರೈವ್ ಇದೆಯಾ ನೋಡಿ. ಆ ಅಕ್ಷರವೂ ನಿಮ್ಮ ಲಾಗಿನ್‌ಗೆ ಮಾತ್ರ ಸೇರಿದ್ದು. ಎರಡು ಹಿಂಗೆರೆ (ಬ್ಯಾಕ್‌ಸ್ಲ್ಯಾಶ್), ಸರ್ವರ್ ಹೆಸರು, ಶೇರ್ ಹೆಸರು ಎಂದು ಪೂರ್ತಿ ಬರೆಯಬೇಕು, ಆ ಶೇರ್ ಮೇಲೆ ಸರ್ವಿಸ್ ಖಾತೆಗೆ ಅನುಮತಿಯೂ ಬೇಕು. ಸರ್ವಿಸನ್ನು ಲೋಕಲ್ ಸಿಸ್ಟಮ್ ಬಿಟ್ಟು ಒಂದು ಸಾಮಾನ್ಯ ಯೂಸರ್ ಖಾತೆಯಲ್ಲಿ ಓಡಿಸಿದರೆ ಈ ಲೆಕ್ಕ ಸುಲಭವಾಗುತ್ತದೆ.

ಅನುಮತಿಯ ಮಾತು ಬಂದಾಗ ಎಂಡಿಬಿ ಫೈಲನ್ನಷ್ಟೇ ನೋಡಿದರೆ ಸಾಲದು. ಫೈಲ್ ತೆರೆದಾಗ ಅದೇ ಫೋಲ್ಡರ್‌ನಲ್ಲಿ ಎಲ್‌ಡಿಬಿ ಎಂಬ ಲಾಕ್ ಫೈಲ್ ಹುಟ್ಟುತ್ತದೆ, ಕೊನೆಯವರು ಮುಚ್ಚಿದಾಗ ಅಳಿಯುತ್ತದೆ. ಫೋಲ್ಡರ್‌ನಲ್ಲಿ ಹೊಸ ಫೈಲ್ ಮಾಡುವ, ಅಳಿಸುವ ಹಕ್ಕು ಇಲ್ಲದಿದ್ದರೆ ‘ಆಪರೇಷನ್ ಮಸ್ಟ್ ಯೂಸ್ ಆನ್ ಅಪ್‌ಡೇಟಬಲ್ ಕ್ವೆರಿ’ ಎಂಬ ಸಂಬಂಧವೇ ಇಲ್ಲದಂತೆ ಕಾಣುವ ಮೆಸೇಜ್ ಬರುತ್ತದೆ. ಕ್ವೆರಿಯಲ್ಲಿ ಏನೂ ತಪ್ಪಿರುವುದಿಲ್ಲ. ಪ್ರೋಗ್ರಾಂ ಫೈಲ್ಸ್ ಒಳಗೆ ಡೇಟಾ ಇಟ್ಟ ಪ್ರೋಗ್ರಾಂಗಳಲ್ಲಿ ಇದು ಖಾಯಂ ಕಾಯಿಲೆ. ಡೇಟಾ ಫೋಲ್ಡರನ್ನು ಡಿ ಡ್ರೈವ್‌ಗೆ ಸ್ಥಳಾಂತರಿಸಿ.

ಅರ್ಧ ಅರ್ಧ ಪರೀಕ್ಷಿಸುವುದು

ಜಾವಾವನ್ನು ಪಕ್ಕಕ್ಕಿಟ್ಟು ಒಡಿಬಿಸಿ ಕಡೆಯ ಅರ್ಧವನ್ನು ಬೇರೆಯಾಗಿ ಪರೀಕ್ಷಿಸಿ. ಎಕ್ಸೆಲ್‌ನ ಡೇಟಾ ಮೆನುವಿನಿಂದ ಒಡಿಬಿಸಿ ಮೂಲಕ ಅದೇ ಡಿಎಸ್‌ಎನ್‌ಗೆ ಹೋಗಿ ಟೇಬಲ್‌ಗಳು ಕಾಣುತ್ತವಾ ನೋಡಿದರಾಯಿತು. ಆದರೆ ಎಕ್ಸೆಲ್ 32 ಬಿಟ್ ಆಗಿ, ಜಾವಾ 64 ಬಿಟ್ ಆಗಿದ್ದರೆ ಈ ಪರೀಕ್ಷೆ ಏನನ್ನೂ ಸಾಬೀತು ಮಾಡುವುದಿಲ್ಲ. ಎಕ್ಸೆಲ್‌ನಲ್ಲಿ ಬಂತು, ಹಾಗಾದರೆ ಜಾವಾದ್ದೇ ತಪ್ಪು ಎಂದು ವಾದಿಸುವವರು ಎಲ್ಲ ಕಡೆ ಸಿಗುತ್ತಾರೆ.

ಕೆಲವರು ವಿಬಿ ಸ್ಕ್ರಿಪ್ಟ್ ಬರೆದು ಎಡಿಒ (ಡೇಟಾಬೇಸ್ ತಲುಪಲು ಮೈಕ್ರೋಸಾಫ್ಟ್‌ನ ಇನ್ನೊಂದು ದಾರಿ) ಮೂಲಕ ಪರೀಕ್ಷಿಸುತ್ತಾರೆ. ಒಳ್ಳೆಯದೇ, ಸಿಸ್‌ವಾವ್64ರ ಸಿಸ್ಕ್ರಿಪ್ಟ್‌ನಿಂದ ಒಮ್ಮೆ, ಸಿಸ್ಟಮ್32ರದರಿಂದ ಒಮ್ಮೆ ಓಡಿಸಿದರೆ ಎರಡೂ ಬಿಟ್‌ನ ಉತ್ತರ ಸಿಗುತ್ತದೆ. ನೆನಪಿರಲಿ, ಎಡಿಒಗೆ ಡಿಎಸ್‌ಎನ್ ಹೆಸರು ಕೊಟ್ಟರೆ ಅದು ಎಂಎಸ್‌ಡಿಎಎಸ್‌ಕ್ಯೂಎಲ್ ಎಂಬ ಇನ್ನೊಂದು ಸೇತುವೆಯ ಮೇಲೆ ಹೋಗುತ್ತದೆ. ಅದು ಒಎಲ್‌ಇ ಡಿಬಿಯಿಂದ ಒಡಿಬಿಸಿಗೆ ಕಟ್ಟಿದ್ದು. ಕನೆಕ್ಷನ್ ಆಯಿತೋ ಇಲ್ಲವೋ ಎಂಬುದಕ್ಕೆ ಅದರ ಉತ್ತರ ನಂಬಬಹುದು, ಅಕ್ಷರಗಳ ವಿಷಯಕ್ಕೆ ನಂಬಬೇಡಿ.

ಲಿನಕ್ಸ್ ಸರ್ವರ್ ಆದರೆ ಈ ಭಾಗ ಚಿಕ್ಕದು. ಒಡಿಬಿಸಿಐಎನ್‌ಎಸ್‌ಟಿ ಕಮಾಂಡಿಗೆ ಅಡ್ಡಗೆರೆ ಜೆ ಕೊಟ್ಟರೆ ಯಾವ ಐಎನ್‌ಐ ಫೈಲ್ ಓದುತ್ತಿದೆ ಎಂದು ಹೇಳುತ್ತದೆ. ಐಎಸ್‌ಕ್ಯೂಎಲ್‌ಗೆ ಅಡ್ಡಗೆರೆ ವಿ ಕೊಟ್ಟು ಡಿಎಸ್‌ಎನ್ ಹೆಸರು ಬರೆದರೆ ಕನೆಕ್ಷನ್ ಪರೀಕ್ಷೆ ಆಗುತ್ತದೆ. ‘ಕಾಂಟ್ ಓಪನ್ ಲಿಬ್, ಫೈಲ್ ನಾಟ್ ಫೌಂಡ್’ ಎಂದು ಬಂದು ಆ ಫೈಲ್ ಅಲ್ಲೇ ಇದ್ದರೆ, ಅದು ನೆಚ್ಚಿಕೊಂಡಿರುವ ಇನ್ನೊಂದು ಲೈಬ್ರರಿ ಇಲ್ಲ ಎಂದರ್ಥ. ಎಲ್‌ಡಿಡಿ ಕಮಾಂಡ್ ಅದರ ಹೆಸರು ಹೇಳುತ್ತದೆ.

ಕನೆಕ್ಷನ್ ಆಯಿತು, ಕನ್ನಡ ಹೋಯಿತು

ಪ್ರೋಗ್ರಾಂ ತೆರೆಯಿತು, ತೂಕ ಬಂತು, ರಶೀದಿಯಲ್ಲಿ ರೈತರ ಹೆಸರಿನ ಜಾಗದಲ್ಲಿ ಮಾತ್ರ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಅಂಕಿ ಸರಿಯಿದೆಯಲ್ಲ ಎಂದು ಜನ ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಡೇಟಾ ಶಾಶ್ವತವಾಗಿ ಹಾಳಾಗುವುದು ಇಲ್ಲೇ.

ಸನ್‌ನ ಬ್ರಿಡ್ಜ್ ಒಡಿಬಿಸಿಯ ಎಎನ್‌ಎಸ್‌ಐ ಫಂಕ್ಷನ್‌ಗಳನ್ನು ಕರೆಯುತ್ತದೆ, ಯೂನಿಕೋಡ್ ಫಂಕ್ಷನ್‌ಗಳನ್ನಲ್ಲ. ಹಾಗಾಗಿ ಜಾವಾದ ಯೂನಿಕೋಡ್ ಅಕ್ಷರ ಸೇತುವೆ ದಾಟುವಾಗ ವಿಂಡೋಸ್‌ನ ಕೋಡ್ ಪೇಜ್‌ಗೆ, ಅಂದರೆ ಹಳೆಯ ಪುಟ್ಟ ಅಕ್ಷರಪಟ್ಟಿಗೆ, ಇಳಿಯಬೇಕು. ನಮ್ಮ ಮೆಷಿನ್‌ಗಳಲ್ಲಿ ಅದು ಸಾಮಾನ್ಯವಾಗಿ 1252, ಪಶ್ಚಿಮ ಯುರೋಪಿನ ಅಕ್ಷರಗಳದ್ದು. ಕನ್ನಡಕ್ಕೆ ವಿಂಡೋಸ್‌ನಲ್ಲಿ ಎಎನ್‌ಎಸ್‌ಐ ಕೋಡ್ ಪೇಜೇ ಇಲ್ಲ. ಇಳಿಯಲು ಜಾಗವಿಲ್ಲದ ಪ್ರತಿ ಅಕ್ಷರವೂ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಲೊಕೇಲನ್ನು ‘ಕನ್ನಡ, ಭಾರತ’ ಎಂದು ಬದಲಿಸಿ ಸಾಧಿಸಲಾಗದು.

ಹಾಗಾದರೆ ಅದೇ ಪ್ರೋಗ್ರಾಂ ಇಷ್ಟು ವರ್ಷ ಕನ್ನಡದಲ್ಲಿ ರಶೀದಿ ಹೇಗೆ ಕೊಟ್ಟಿತು? ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್ ಬಲದಿಂದ. ಅಲ್ಲಿ ಡೇಟಾಬೇಸ್‌ನಲ್ಲಿ ಇರುವುದು ಕನ್ನಡವಲ್ಲ, ರೋಮನ್ ಅಕ್ಷರ ಮತ್ತು ತಲೆಯ ಮೇಲೆ ಗೆರೆ-ಚುಕ್ಕಿ ಇರುವ ಯುರೋಪಿಯನ್ ಅಕ್ಷರಗಳ ಸಾಲು. ಅದನ್ನು ನುಡಿ ಫಾಂಟ್‌ನಲ್ಲಿ ತೋರಿಸಿದಾಗ ಕನ್ನಡವಾಗಿ ಕಾಣುತ್ತದೆ. ಆ ಅಕ್ಷರಗಳಿಗೆ 1252ರಲ್ಲಿ ಜಾಗ ಉಂಟು, ಸೇತುವೆಯನ್ನು ಸಲೀಸಾಗಿ ದಾಟುತ್ತವೆ. ಹೊಸ ಕಂಪ್ಯೂಟರ್ ಬಂದಾಗ ಗುಮಾಸ್ತರು ವಿಂಡೋಸ್‌ನದೇ ಕನ್ನಡ ಕೀಬೋರ್ಡ್ ಹಾಕಿಕೊಂಡು ಯೂನಿಕೋಡ್‌ನಲ್ಲಿ ಟೈಪ್ ಮಾಡಲು ಶುರು ಮಾಡುತ್ತಾರೆ. ಆ ದಿನದಿಂದ ಹೆಸರುಗಳು ಚಿಹ್ನೆಗಳಾಗುತ್ತವೆ.

ಪತ್ತೆಗೆ ಒಂದೇ ಪರೀಕ್ಷೆ ಸಾಕು. ಎಂಡಿಬಿಯ ಪ್ರತಿಯನ್ನು ಆಕ್ಸೆಸ್‌ನಲ್ಲೇ ತೆರೆದು ಆ ಹೆಸರಿನ ಕೋಶ ನೋಡಿ. ಅಲ್ಲಿ ಕನ್ನಡ ಚೆನ್ನಾಗಿ ಕಂಡರೆ ಓದುವ ದಾರಿಯಲ್ಲಿ ಕೆಡುತ್ತಿದೆ, ಡೇಟಾ ಕ್ಷೇಮ. ಅಲ್ಲೂ ಪ್ರಶ್ನಾರ್ಥಕ ಚಿಹ್ನೆಯೇ ಇದ್ದರೆ ಬರೆಯುವಾಗಲೇ ಕೆಟ್ಟಿದೆ. ಯಾವ ಡ್ರೈವರ್ ಹಾಕಿದರೂ ಆ ಹೆಸರು ಮರಳದು, ಚೀಟಿ ಪುಸ್ತಕ ನೋಡಿ ಮತ್ತೆ ಹೊಡೆಯಬೇಕು. ಗೆರೆ-ಚುಕ್ಕಿಯ ರೋಮನ್ ಅಕ್ಷರಗಳು ಕಂಡರೆ ಅದು ಕೆಟ್ಟದ್ದಲ್ಲ, ನುಡಿಯ ಡೇಟಾ. ಅದನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ಸಿಗುತ್ತವೆ. ಒಂದೇ ಕಾಲಂನಲ್ಲಿ ಮೂರೂ ಬಗೆಯ ಸಾಲು ಬೆರೆತಿರುವುದೂ ಉಂಟು. ಆಗ ಪೂರ್ತಿ ಟೇಬಲನ್ನು ಪರಿವರ್ತಕಕ್ಕೆ ಕೊಡಬೇಡಿ, ಮೊದಲು ವಿಂಗಡಿಸಿ.

ದೋಷ ಪತ್ತೆಯಾದ ತಕ್ಷಣ ಆ ಪ್ರೋಗ್ರಾಂನಲ್ಲಿ ಯೂನಿಕೋಡ್ ಕನ್ನಡ ಟೈಪ್ ಮಾಡುವುದನ್ನು ನಿಲ್ಲಿಸಲು ಹೇಳಿ. ಸಂಜೆಯೊಳಗೆ ಇನ್ನೊಂದಷ್ಟು ಹೆಸರು ಹಾಳಾಗುವುದು ಬೇಡ.

ಮೆಮೊ ಕಾಲಂನ ತರಲೆ

‘ಇನ್‌ವ್ಯಾಲಿಡ್ ಡಿಸ್ಕ್ರಿಪ್ಟರ್ ಇಂಡೆಕ್ಸ್’ ಅಥವಾ ‘ನೋ ಡೇಟಾ ಫೌಂಡ್’, ಅದೂ ಯಾವುದೋ ಒಂದು ವರದಿಯಲ್ಲಿ ಮಾತ್ರ. ಬ್ರಿಡ್ಜ್ ಪ್ರತಿ ಕೋಶವನ್ನೂ ಒಡಿಬಿಸಿಯ ಎಸ್‌ಕ್ಯೂಎಲ್‌ಗೆಟ್‌ಡೇಟಾ ಕರೆಯಿಂದ ತರುತ್ತದೆ. ಹಲವು ಒಡಿಬಿಸಿ ಡ್ರೈವರ್‌ಗಳಲ್ಲಿ ಕಾಲಂಗಳನ್ನು ಎಡದಿಂದ ಬಲಕ್ಕೆ, ಒಂದು ಕೋಶವನ್ನು ಒಂದೇ ಸಲ ಓದಬೇಕೆಂಬ ಕಟ್ಟು ಇದೆ, ಮೆಮೊ ಎಂಬ ಉದ್ದನೆಯ ಪಠ್ಯದ ಕಾಲಂ ಇದ್ದಾಗ ಇನ್ನೂ ಬಿಗಿ. ಕೋಡ್‌ನಲ್ಲಿ ಆರನೆಯ ಕಾಲಂ ಓದಿ ಆಮೇಲೆ ಎರಡನೆಯದಕ್ಕೆ ಹಿಂತಿರುಗಿದರೆ, ಅಥವಾ ಖಾಲಿಯಾ ಎಂದು ನೋಡಲು ಒಮ್ಮೆ, ಮುದ್ರಿಸಲು ಇನ್ನೊಮ್ಮೆ ಕರೆದರೆ ಎಡವುತ್ತದೆ. ಎಲ್ಲ ಕಾಲಂ ಕೊಡು ಎನ್ನುವ ‘ಸೆಲೆಕ್ಟ್ ಸ್ಟಾರ್’ ತೆಗೆದು ಕಾಲಂ ಹೆಸರುಗಳನ್ನು ಓದುವ ಕ್ರಮದಲ್ಲೇ ಬರೆಯಿರಿ, ಪ್ರತಿ ಕೋಶವನ್ನೂ ಒಮ್ಮೆ ಮಾತ್ರ ಓದಿ ವೇರಿಯಬಲ್‌ನಲ್ಲಿಟ್ಟುಕೊಳ್ಳಿ. ಮೂಲ ಕೋಡ್ ಕೈಯಲ್ಲಿಲ್ಲದಿದ್ದರೆ ಇದಕ್ಕೆ ಮದ್ದಿಲ್ಲ.

ಟ್ರೇಸ್

ಮೇಲಿನ ಯಾವುದಕ್ಕೂ ಬಗ್ಗದಿದ್ದರೆ ಒಡಿಬಿಸಿ ಅಡ್ಮಿನಿಸ್ಟ್ರೇಟರ್‌ನ ಟ್ರೇಸಿಂಗ್ ಟ್ಯಾಬ್‌ಗೆ ಹೋಗಿ ಶುರು ಮಾಡಿ. ಪ್ರತಿ ಕರೆಗೂ ‘ಎಂಟರ್’ ಒಂದು ಸಾಲು, ‘ಎಕ್ಸಿಟ್’ ಒಂದು ಸಾಲು. ನೋಟ್‌ಪ್ಯಾಡ್‌ನಲ್ಲಿ ‘ಡಿಐಎಜಿ’ ಎಂದು ಹುಡುಕಿದರೆ ನೇರ ಎರರ್ ಜಾಗಕ್ಕೆ ಹೋಗುತ್ತೀರಿ; ಅದರ ಮೇಲಿನ ಕರೆ ಯಾವುದು ಎಂಬುದೇ ಸುಳಿವು. ಲಾಗ್ ಫೈಲ್ ಹುಟ್ಟಲೇ ಇಲ್ಲವೆಂದರೆ ಕರೆ ಒಡಿಬಿಸಿಗೆ ಬರಲೇ ಇಲ್ಲ ಎಂದಾಯಿತು, ಇಲ್ಲವೇ ನೀವು ತೆರೆದದ್ದು ಬೇರೆ ಬಿಟ್‌ನ ಕಿಟಕಿ. ಫಂಕ್ಷನ್ ಹೆಸರಿನ ಕೊನೆಗೆ ‘ಡಬ್ಲ್ಯೂ’ ಇದ್ದರೆ ಅದು ಯೂನಿಕೋಡ್ ಕರೆ, ಇಲ್ಲದಿದ್ದರೆ ಎಎನ್‌ಎಸ್‌ಐ. ಕನ್ನಡದ ಸಮಸ್ಯೆಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ನೋಡಿ ಆದ ಕೂಡಲೇ ಟ್ರೇಸ್ ನಿಲ್ಲಿಸಿ. ಅದು ಓಡುತ್ತಿದ್ದಷ್ಟು ಹೊತ್ತು ಎಲ್ಲವೂ ಆಮೆಯಾಗುತ್ತದೆ, ಡಿಸ್ಕ್ ತುಂಬುತ್ತದೆ, ರೈತರ ಹೆಸರು-ಲೆಕ್ಕವಿರುವ ಎಸ್‌ಕ್ಯೂಎಲ್ ಸಾಲುಗಳು ಹಾಗೇ ಆ ಫೈಲಿನಲ್ಲಿ ಉಳಿಯುತ್ತವೆ.

ಸೇತುವೆಯನ್ನೇ ತೆಗೆಯುವುದು

ಮೂಲ ಕೋಡ್ ಇದ್ದರೆ, ಅಥವಾ ಡ್ರೈವರ್ ಹೆಸರೂ ಯುಆರ್‌ಎಲ್ಲೂ ಸೆಟ್ಟಿಂಗ್ಸ್ ಫೈಲಿನಲ್ಲಿದ್ದರೆ ಬ್ರಿಡ್ಜ್ ಬದಲು ಯುಕ್ಯಾನ್‌ಆಕ್ಸೆಸ್ ಹಾಕಿ. ಅದು ಪೂರ್ತಿ ಜಾವಾದಲ್ಲೇ ಬರೆದ ಜೆಡಿಬಿಸಿ ಡ್ರೈವರ್. ಒಳಗೆ ಜ್ಯಾಕ್ಸೆಸ್ ಎಂಬ ಲೈಬ್ರರಿ ಎಂಡಿಬಿಯನ್ನು ನೇರವಾಗಿ ಓದುತ್ತದೆ, ಎಚ್‌ಎಸ್‌ಕ್ಯೂಎಲ್‌ಡಿಬಿ ಕ್ವೆರಿ ಓಡಿಸುತ್ತದೆ. ಡಿಎಸ್‌ಎನ್ ಬೇಡ, ಆಫೀಸ್ ಬೇಡ, 32-64ರ ಜಗಳ ಇಲ್ಲ, ಯೂನಿಕೋಡ್ ಕನ್ನಡ ಸರಾಗ. ಇದರ ದೋಷಗಳೂ ಬೇರೆ ಬಗೆಯವು. ‘ನೋ ಕ್ಲಾಸ್ ಡೆಫ್ ಫೌಂಡ್’ ಬಂದರೆ ಜೊತೆಗಿನ ಜಾರ್ ಫೈಲುಗಳಲ್ಲಿ ಒಂದು ಬಿಟ್ಟುಹೋಗಿದೆ. ಜ್ಯಾಕ್ಸೆಸ್, ಎಚ್‌ಎಸ್‌ಕ್ಯೂಎಲ್‌ಡಿಬಿ, ಕಾಮನ್ಸ್ ಲ್ಯಾಂಗ್, ಕಾಮನ್ಸ್ ಲಾಗಿಂಗ್ ಎಲ್ಲವೂ ಇರಬೇಕು. ಮೊದಲ ಕನೆಕ್ಷನ್‌ಗೆ ಬಹಳ ಹೊತ್ತು ಹಿಡಿದರೆ, ಮೆಮೊರಿ ಸಾಲದು ಎಂದರೆ, ಕಾರಣ ಅದು ಟೇಬಲ್‌ಗಳನ್ನು ಶುರುವಿನಲ್ಲೇ ಮೆಮೊರಿಗೆ ತುಂಬಿಕೊಳ್ಳುತ್ತದೆ. ಯುಆರ್‌ಎಲ್ ಕೊನೆಗೆ ‘ಮೆಮೊರಿ ಈಕ್ವಲ್ಸ್ ಫಾಲ್ಸ್’ ಎಂಬ ಗುಣ ಸೇರಿಸಿದರೆ ಡಿಸ್ಕ್ ಬಳಸುತ್ತದೆ.

ವೇಬ್ರಿಡ್ಜ್‌ನಲ್ಲಿ ಮಾತ್ರ ಒಂದು ವಿಷಯ ತಪ್ಪದೆ ವಿಚಾರಿಸಬೇಕು: ಆ ಎಂಡಿಬಿಗೆ ಬರೆಯುವುದು ಈ ಜಾವಾ ಪ್ರೋಗ್ರಾಂ ಒಂದೇನಾ? ತೂಕದ ಇಂಡಿಕೇಟರ್‌ಗೆ ಜೋಡಿಸಿದ ಇನ್ನೊಂದು ಪ್ರೋಗ್ರಾಂ ಅದೇ ಫೈಲಿಗೆ ಟೇರ್ (ಖಾಲಿ ಗಾಡಿಯ ತೂಕ), ಗ್ರಾಸ್ (ತುಂಬಿದ ಗಾಡಿಯ ತೂಕ) ಬರೆಯುತ್ತಿರುವುದು ಸಾಮಾನ್ಯ. ಜ್ಯಾಕ್ಸೆಸ್ ಆಕ್ಸೆಸ್‌ನ ಎಲ್‌ಡಿಬಿ ಲಾಕ್ ವ್ಯವಸ್ಥೆಯನ್ನು ಪಾಲಿಸುವುದಿ‍ಲ್ಲ. ಎರಡೂ ಕಡೆಯಿಂದ ಒಟ್ಟಿಗೆ ಬರೆದರೆ ಫೈಲ್ ಕೆಡಬಹುದು. ಅಂಥ ಕಡೆ ಜಾವಾ ಪ್ರೋಗ್ರಾಂ ಆ ಫೈಲನ್ನು ಓದಲಷ್ಟೇ ಬಿಟ್ಟು, ಅದು ಬರೆಯುವ ಬಿಲ್ಲು-ಬಟವಾಡೆಯ ಟೇಬಲ್‌ಗಳನ್ನು ಮೈಎಸ್‌ಕ್ಯೂಎಲ್‌ಗೋ ಪೋಸ್ಟ್‌ಗ್ರೆಸ್‌ಗೋ ಎತ್ತಿಡಿ. ಕಬ್ಬು ಅರೆಯುವ ಸೀಸನ್ ನಡುವೆ ಈ ಕೆಲಸಕ್ಕೆ ಒಪ್ಪಿಕೊಳ್ಳಬೇಡಿ; ಅಲ್ಲಿಯವರೆಗೆ 32-ಬಿಟ್ ಜಾವಾ 7, 32-ಬಿಟ್ ಸಿಸ್ಟಮ್ ಡಿಎಸ್‌ಎನ್, ನುಡಿ ಫಾಂಟ್ ಇಷ್ಟರಲ್ಲಿ ಓಡಲಿ.

ಬದಲಿಸಿದ ದಿನ ಪರೀಕ್ಷೆಗೆ ‘ಅ’, ‘ಬ’ ಎಂದು ಹೊಡೆದು ನೋಡಿ ಎದ್ದುಬರಬೇಡಿ. ‘ಸ್ವಾಮಿ’, ‘ಕೃಷ್ಣಪ್ಪ’, ‘ಪುಟ್ಟತಾಯಮ್ಮ’ ಥರ ಒತ್ತಕ್ಷರ ಇರುವ ಹೆಸರು ಸೇರಿಸಿ, ಉಳಿಸಿ, ಪ್ರೋಗ್ರಾಂ ಮುಚ್ಚಿ ಮತ್ತೆ ತೆರೆದು, ರಶೀದಿ ಮುದ್ರಿಸಿ ನೋಡಿ. ಅದೇ ಸಾಲನ್ನು ಆಕ್ಸೆಸ್‌ನಲ್ಲೂ ತೆರೆಯಿರಿ. ಹಳೆಯ ದಿನಾಂಕದ ಒಂದು ವರದಿ ತೆಗೆದು ಒಟ್ಟು ಟನ್ ಹಳೆಯ ಮುದ್ರಿತ ಪ್ರತಿಯ ಜೊತೆ ತಾಳೆಯಾಗುತ್ತದಾ ನೋಡಿ. ಆಕ್ಸೆಸ್‌ಗೆಂದೇ ಬರೆದ ದಿನಾಂಕದ ಕ್ವೆರಿಗಳು ಹೊಸ ಡ್ರೈವರ್‌ನಲ್ಲಿ ಬೇರೆ ಉತ್ತರ ಕೊಡುವ ಸಂಭವ ಇದೆ. ಎಲ್ಲ ಸರಿಹೋಗಿ ಒಂದು ಬಟವಾಡೆ ಮುಗಿದ ಮೇಲೆ ಜಾವಾ 7ರ ಫೋಲ್ಡರನ್ನು ಆ ಮೆಷಿನ್‌ನಿಂದ ಅಳಿಸಿ. ಅದಕ್ಕೆ ಭದ್ರತಾ ತೇಪೆಗಳು ಬರುವುದು ನಿಂತು ಎಷ್ಟೋ ಕಾಲವಾಯಿತು, ಆ ಕಂಪ್ಯೂಟರ್‌ನಲ್ಲೇ ಬ್ಯಾಂಕಿನ ಕೆಲಸವೂ ನಡೆಯುತ್ತಿರುತ್ತದೆ.